ಮಗು ಮಲಗಿದ ಮೇಲೆ ನಾವೆಲ್ಲಿ ಕೂರಬೇಕು? ಪುಟ್ಟ ಮಕ್ಕಳ ನಗರ ಪ್ರವಾಸಕ್ಕೆ ಹೋಟೆಲುಗಳ ಒಂದು ವಿಮರ್ಶೆ

ಪುಟ್ಟ ಮಕ್ಕಳನ್ನು ಕರೆದುಕೊಂಡು ಎರಡು ಮೂರು ದಿನಗಳ ಮಟ್ಟಿಗೆ ಒಂದು ನಗರವನ್ನು ನೋಡಿಬರಲು ಹೊರಡುವವರಿಗೆ ಹೋಟೆಲುಗಳ ಜಾಲತಾಣಗಳಲ್ಲಿ ಮೊದಲು ಕಾಣುವುದು ‘ಕುಟುಂಬಸ್ನೇಹಿ’ ಎಂಬ ಪದ, ಅದರ ಬೆನ್ನಿಗೇ ಬಣ್ಣದ ಚೆಂಡುಗಳು ತುಂಬಿದ ಆಟದ ಕೋಣೆಯ ಚಿತ್ರ. ಹಿರಿಯ ಮಗಳು ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಹಿಡಿದು ಕಿರಿಯ ಮಗನಿಗೆ ಮೂರು ತುಂಬುವವರೆಗೆ ಬೇರೆ ಬೇರೆ ನಗರಗಳ ಹನ್ನೊಂದು ಹೋಟೆಲುಗಳಲ್ಲಿ ಉಳಿದ ಬಳಿಕ, ಈ ಪದವನ್ನು ನಂಬಿ ಕೋಣೆ ಕಾಯ್ದಿರಿಸುವುದನ್ನು ನಾನು ಸಂಪೂರ್ಣವಾಗಿ ಬಿಟ್ಟಿದ್ದೇನೆ. ಆ ಪದಕ್ಕೆ ನಿಗದಿತವಾದ ಅಳತೆಗೋಲು ಇಲ್ಲ. ಹೆಚ್ಚಿನ ಕಡೆಗಳಲ್ಲಿ ಹೋಟೆಲಿನವರು ತಮಗೆ ತಾವೇ ಕೊಟ್ಟುಕೊಳ್ಳುವ ಬಿರುದು ಅದು. ನಕ್ಷತ್ರಗಳ ದರ್ಜೆಯೂ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅದನ್ನು ನೀಡುವ ಪದ್ಧತಿ ದೇಶದಿಂದ ದೇಶಕ್ಕೆ ಬೇರೆಯಾಗಿರುವುದಲ್ಲದೆ, ಅದು ಅಳೆಯುವುದು ಕೋಣೆಯ ಸಜ್ಜು, ಸೌಕರ್ಯಗಳು, ಸೇವೆಯ ಮಟ್ಟ ಮುಂತಾದವನ್ನೇ ಹೊರತು ಒಂದೂವರೆ ವರ್ಷದ ಮಗು ಅಲ್ಲಿ ನೆಮ್ಮದಿಯಾಗಿ ನಿದ್ರಿಸಬಲ್ಲದೇ ಎಂಬುದನ್ನಲ್ಲ.

ನನ್ನ ಮಟ್ಟಿಗೆ ಹೋಟೆಲಿನ ಯೋಗ್ಯತೆ ತೀರ್ಮಾನವಾಗುವುದು ಮಗು ಮಲಗಿದ ಮೇಲೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 4ರಿಂದ 12 ತಿಂಗಳ ಕೂಸುಗಳಿಗೆ ದಿನಕ್ಕೆ 12ರಿಂದ 16 ಗಂಟೆ, 1ರಿಂದ 2 ವರ್ಷದವರಿಗೆ 11ರಿಂದ 14 ಗಂಟೆ, 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಹಗಲಿನ ನಿದ್ರೆಯೂ ಈ ಲೆಕ್ಕದಲ್ಲಿ ಸೇರಿದೆ. ಅಂದರೆ ಪ್ರವಾಸದ ಹೆಚ್ಚುಕಡಿಮೆ ಅರ್ಧ ಹೊತ್ತು ಮಗು ನಿದ್ರೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ದೊಡ್ಡವರು ಎಲ್ಲಿರಬೇಕು ಎಂಬ ಸರಳ ಪ್ರಶ್ನೆಯನ್ನು ನಾವು ಕಂಡ ಹೋಟೆಲುಗಳ ಪೈಕಿ ಹೆಚ್ಚಿನವು ಯೋಚಿಸಿದಂತೆಯೇ ಕಾಣಲಿಲ್ಲ.

ನಮ್ಮ ಮೊದಲ ಪ್ರವಾಸದ ಹೋಟೆಲು ಹೆಸರುವಾಸಿಯಾದದ್ದು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮಕ್ಕಳಿಗೆಂದೇ ಒಂದು ಉಡುಗೊರೆಯ ಚೀಲ, ಪುಟ್ಟ ಚಪ್ಪಲಿ, ಗೋಡೆಯ ಮೇಲೆ ಆನೆಯ ಚಿತ್ರ ಎಲ್ಲವೂ ಇದ್ದವು. ಕೋಣೆ ಮಾತ್ರ ಒಂದೇ, ಮಗುವಿನ ಮಂಚ ನಮ್ಮ ಹಾಸಿಗೆಯ ಕಾಲ್ದೆಸೆಯಲ್ಲಿ. ಸಂಜೆ ಏಳೂವರೆಗೆ ಮಗಳು ಮಲಗಿದಳು. ಎಲ್ಲ ದೀಪಗಳನ್ನೂ ಆರಿಸಿ, ಮಾತು ನಿಲ್ಲಿಸಿ, ನಾವಿಬ್ಬರೂ ಬಚ್ಚಲುಮನೆಯ ನೆಲದ ಮೇಲೆ ಟವೆಲು ಹಾಸಿಕೊಂಡು ಕುಳಿತೆವು. ಅಲ್ಲಿನ ದೀಪಕ್ಕೂ ಗಾಳಿ ಹೊರಹಾಕುವ ಫ್ಯಾನಿಗೂ ಒಂದೇ ಸ್ವಿಚ್ಚು. ದೀಪ ಹಾಕಿದರೆ ಫ್ಯಾನು ಗೊರಗುಟ್ಟಿ ಮಗು ಎಚ್ಚರಗೊಳ್ಳುತ್ತಿತ್ತು. ಎರಡನೆಯ ರಾತ್ರಿ ಸರದಿಯ ಮೇಲೆ ಒಬ್ಬೊಬ್ಬರೇ ಕೋಣೆಯ ಹೊರಗಿನ ಓಣಿಯಲ್ಲಿ (ಕಾರಿಡಾರಿನಲ್ಲಿ) ಕುಳಿತೆವು. ನಗರ ನೋಡಿದ ದಣಿವಿಗಿಂತ ಆ ಎರಡು ರಾತ್ರಿಗಳ ದಣಿವೇ ದೊಡ್ಡದಾಗಿತ್ತು. ಅಂದಿನಿಂದ ನಾನು ಯಾವ ಹೋಟೆಲನ್ನು ನೋಡಿದರೂ ಮೊದಲು ಹುಡುಕುವುದು ಒಂದು ಬಾಗಿಲನ್ನು: ಮಗು ಮಲಗುವ ಜಾಗಕ್ಕೂ ದೊಡ್ಡವರು ಕೂರುವ ಜಾಗಕ್ಕೂ ನಡುವೆ ಮುಚ್ಚಬಹುದಾದ ಒಂದು ಬಾಗಿಲು, ಅದಿಲ್ಲದಿದ್ದರೆ ಕನಿಷ್ಠ ಬೆಳಕನ್ನು ತಡೆಯುವ ಒಂದು ಗೋಡೆಯ ತಿರುವು.

ಈ ದೃಷ್ಟಿಯಿಂದ ನೋಡಿದರೆ ‘ಫ್ಯಾಮಿಲಿ ರೂಮ್’ ಎಂದು ಮಾರಾಟವಾಗುವ ವ್ಯವಸ್ಥೆ ಎಲ್ಲಕ್ಕಿಂತ ದುರ್ಬಲವಾದದ್ದು. ಸಾಮಾನ್ಯವಾಗಿ ಅದು ನಾಲ್ವರು ಮಲಗಬಹುದಾದ ಒಂದೇ ಕೋಣೆ; ಒಂದು ದೊಡ್ಡ ಹಾಸಿಗೆ, ಜೊತೆಗೊಂದು ಸೋಫಾ ಬೆಡ್. ಚಿತ್ರದಲ್ಲಿ ಸೋಫಾ ಮಡಿಚಿಕೊಂಡೇ ಇರುತ್ತದೆ, ಆದ್ದರಿಂದ ಕೋಣೆ ವಿಶಾಲವಾಗಿ ಕಾಣುತ್ತದೆ. ಬಿಡಿಸಿ ಹಾಸಿದ ಮೇಲೆ ಕೂರಲು ಇದ್ದ ಒಂದೇ ಜಾಗವೂ ಮಾಯವಾಗಿ, ಬಚ್ಚಲುಮನೆಗೆ ಹೋಗುವ ದಾರಿಯೇ ಇಕ್ಕಟ್ಟಾಗುತ್ತದೆ. ಮಗುವಿನ ಮಂಚವನ್ನೂ ತರಿಸಿಕೊಂಡರೆ ಅದನ್ನು ಇಡಲು ನೆಲವೇ ಉಳಿಯುವುದಿಲ್ಲ. ಮಕ್ಕಳೂ ದೊಡ್ಡವರೂ ಒಂದೇ ಹೊತ್ತಿಗೆ ಮಲಗುವ ಮನೆಗಳಿಗೆ, ಅಥವಾ ಒಂದೇ ರಾತ್ರಿಯ ತಂಗುವಿಕೆಗೆ, ಇದು ಸಾಕಾಗಬಹುದು. ಉಳಿದವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ಎರಡು ಕೋಣೆಗಳ ವಿಚಾರಕ್ಕೆ ಬಂದರೆ ಪದಗಳನ್ನು ಬಹಳ ಎಚ್ಚರದಿಂದ ಓದಬೇಕು. ‘ಕನೆಕ್ಟಿಂಗ್’ ಎಂದರೆ ನಡುಗೋಡೆಯಲ್ಲಿ ಒಳಬಾಗಿಲು ಇರುವ ಎರಡು ಕೋಣೆಗಳು. ‘ಅಡ್ಜಾಯ್ನಿಂಗ್’ ಎಂದರೆ ಬರಿಯ ಅಕ್ಕಪಕ್ಕದ ಕೋಣೆಗಳು, ಒಳಬಾಗಿಲು ಇರಬೇಕೆಂದೇನೂ ಇಲ್ಲ. ಕೌಂಟರಿನಲ್ಲಿ ಕೂತವರೂ ಕೆಲವೊಮ್ಮೆ ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ. ಇದಕ್ಕಿಂತ ದೊಡ್ಡ ತೊಡಕೆಂದರೆ, ಬಹಳಷ್ಟು ಕಡೆ ಒಳಬಾಗಿಲಿನ ಕೋಣೆಗಳು ‘ಮನವಿ’ಯ ಪಟ್ಟಿಯಲ್ಲಿರುತ್ತವೆ, ಅಂದರೆ ನೀವು ತಲುಪಿದ ದಿನ ಖಾಲಿ ಇದ್ದರಷ್ಟೇ ದೊರೆಯುತ್ತವೆ. ನಮಗೆ ಒಮ್ಮೆ ಓಣಿಯ ಆಚೆ ಒಂದು, ಈಚೆ ಒಂದು ಕೋಣೆ ಸಿಕ್ಕಿ, ಒಬ್ಬೊಬ್ಬರು ಒಂದೊಂದು ಮಗುವಿನೊಂದಿಗೆ ಎರಡು ರಾತ್ರಿ ಬೇರೆಬೇರೆಯಾಗಿ ಕಳೆಯಬೇಕಾಯಿತು. ಎರಡು ಕೋಣೆಗಳ ಬಾಡಿಗೆಯನ್ನು ತೆತ್ತೂ ಒಂದು ಕುಟುಂಬವಾಗಿ ಕೂರಲು ಜಾಗವಿರಲಿಲ್ಲ. ಹಿಲ್ಟನ್ ಸಮೂಹವು 2021ರಲ್ಲಿ ಒಳಬಾಗಿಲಿನ ಕೋಣೆಗಳನ್ನು ಕಾಯ್ದಿರಿಸುವಾಗಲೇ ದೃಢೀಕರಿಸುವ ವ್ಯವಸ್ಥೆಯನ್ನು ತಂದದ್ದು ಈ ಕಾರಣಕ್ಕೆ ನಿಜವಾಗಿಯೂ ಮೆಚ್ಚತಕ್ಕದ್ದು. ಬೇರೆ ಕಡೆ ಕಾಯ್ದಿರಿಸುವಾಗ ‘ಖಚಿತ’ ಎಂಬ ಮಾತನ್ನು ಇಮೇಲಿನಲ್ಲಿ ಬರೆಸಿಕೊಳ್ಳುವುದು ಒಳಿತು. ಒಳಬಾಗಿಲಿನ ಕೋಣೆ ಸಿಕ್ಕಾಗ ಒಂದು ಎಚ್ಚರ ಬೇಕು: ಮಕ್ಕಳು ಮಲಗುವ ಕೋಣೆಗೂ ಹೊರಗಿನ ಓಣಿಗೆ ತೆರೆಯುವ ತನ್ನದೇ ಬಾಗಿಲು ಇರುತ್ತದೆ, ಹೋಟೆಲಿನ ಬಾಗಿಲಿನ ಹಿಡಿಕೆಯನ್ನು ಒಳಗಿನಿಂದ ಒತ್ತಿದರೆ ಸಾಕು, ಅದು ತೆರೆದುಕೊಳ್ಳುತ್ತದೆ. ಮೇಲಿನ ಸರಪಳಿಯನ್ನೋ ಅಗುಳಿಯನ್ನೋ ಹಾಕಿದ್ದೇವೆಯೇ ಎಂದು ಪ್ರತಿ ರಾತ್ರಿಯೂ ನೋಡಬೇಕು. ಇನ್ನೊಂದು ಮಾತು, ಒಂದೇ ಕೋಣೆ ತೆಗೆದುಕೊಳ್ಳುವವರು ಒಳಬಾಗಿಲು ಇಲ್ಲದ ಕೋಣೆಯನ್ನೇ ಕೇಳಿ ಪಡೆಯಬೇಕು, ಏಕೆಂದರೆ ಆ ಬಾಗಿಲಿನ ಸಂದಿಯಿಂದ ಪಕ್ಕದವರ ಟಿವಿಯ ಸದ್ದು ನಮ್ಮ ಕಡೆಗೆ, ನಮ್ಮ ಮಗುವಿನ ಅಳು ಅವರ ಕಡೆಗೆ ಧಾರಾಳವಾಗಿ ದಾಟುತ್ತದೆ.

ಮಲಗುವ ಜಾಗದ ಜೊತೆಗೆ ಕೂರುವ ಜಾಗವೂ ಇರುವ ಕೋಣೆಗಳಿಗೆ ಬಳಸುವ ‘ಸೂಟ್’ ಎಂಬ ಪದದಲ್ಲಿಯೂ ಇಂಥದ್ದೇ ಜಾರುವಿಕೆಯಿದೆ. ‘ಜೂನಿಯರ್ ಸೂಟ್’ ಎಂಬುದು ಬಹುಮಟ್ಟಿಗೆ ಒಂದೇ ದೊಡ್ಡ ಕೋಣೆ, ಅದರ ಒಂದು ಮೂಲೆಯಲ್ಲಿ ಸೋಫಾ, ನಡುವೆ ಬಾಗಿಲಿಲ್ಲ. ಇದಕ್ಕೆ ಬದಲಾಗಿ ಎಂಬಸಿ ಸೂಟ್ಸ್‌ನಂಥ ಹೋಟೆಲುಗಳು ಮಲಗುವ ಕೋಣೆ ಮತ್ತು ಕೂರುವ ಕೋಣೆ ಬೇರೆಬೇರೆಯಾಗಿರುವ ಎರಡು ಕೋಣೆಗಳ ಸೂಟುಗಳನ್ನೇ ತಮ್ಮ ಮುಖ್ಯ ಲಕ್ಷಣವಾಗಿ ಇಟ್ಟುಕೊಂಡಿವೆ. ಕಾಯ್ದಿರಿಸುವ ಮುನ್ನ ಕೋಣೆಯ ನಕ್ಷೆಯನ್ನು ಕೇಳಿದರೆ ಎಷ್ಟೋ ಹೋಟೆಲುಗಳು ಕಳುಹಿಸುತ್ತವೆ, ಮತ್ತು ಹತ್ತು ಚಿತ್ರಗಳು ಮುಚ್ಚಿಡುವುದನ್ನು ಒಂದು ನಕ್ಷೆ ತೋರಿಸಿಬಿಡುತ್ತದೆ.

ಮೂರು ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ಉಳಿಯುವವರಿಗೆ ನನ್ನ ಮೊದಲ ಆಯ್ಕೆ ಅಪಾರ್ಟ್‌ಮೆಂಟ್ ಹೋಟೆಲು. ಮಲಗುವ ಕೋಣೆಗೆ ಬಾಗಿಲು, ಪುಟ್ಟ ಅಡುಗೆಮನೆ, ನಿಜವಾದ ಫ್ರಿಜ್, ಅದೃಷ್ಟವಿದ್ದರೆ ಬಟ್ಟೆ ಒಗೆಯುವ ಯಂತ್ರ. ಡಯಾಪರು ಸೋರಿ ಮೂರು ಜೊತೆ ಬಟ್ಟೆ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋದ ದಿನ ಆ ಯಂತ್ರದ ಬೆಲೆ ತಿಳಿಯುತ್ತದೆ. ಕೊರತೆಗಳೂ ಇವೆ. ಕೋಣೆಯನ್ನು ದಿನವೂ ಶುಚಿಗೊಳಿಸದೆ ಇರಬಹುದು, ಕೌಂಟರಿನಲ್ಲಿ ರಾತ್ರಿ ಯಾರೂ ಇಲ್ಲದೆ ಇರಬಹುದು, ತಡವಾಗಿ ಬಂದವರು ಬೀಗದ ಕೈಯನ್ನು ಬಾಗಿಲ ಬಳಿಯ ಪೆಟ್ಟಿಗೆಯಿಂದ ತೆಗೆದುಕೊಳ್ಳಬೇಕಾಗಬಹುದು, ತೋಳಿನ ಮೇಲೆ ಮಲಗಿದ ಮಗುವಿನೊಡನೆ ಅದು ಸುಲಭದ ಕೆಲಸವಲ್ಲ. ಅಡುಗೆಮನೆ ಇದ್ದಲ್ಲಿ ಚಾಕು, ಒಲೆ, ಪಾತ್ರೆ ತೊಳೆಯುವ ಪುಡಿ ಇವೂ ಇರುತ್ತವೆ. ತಲುಪಿದ ಕೂಡಲೇ ಕೆಳಗಿನ ಎರಡು ಕಪಾಟುಗಳನ್ನು ಖಾಲಿ ಮಾಡಿ ಎಲ್ಲವನ್ನೂ ಮೇಲಕ್ಕೆ ಸೇರಿಸುವುದು ನಮ್ಮ ರೂಢಿಯಾಗಿದೆ.

ಮಗುವಿನ ಮಂಚದ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ತೋರಲಾರೆ. ‘ಮಂಚ ಲಭ್ಯ’ ಎಂಬ ಎರಡು ಪದಗಳ ಹಿಂದೆ ಹೊಸ ಮರದ ಮಂಚವೂ ಇರಬಹುದು, ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದ, ಒಂದು ಬದಿ ಸಡಿಲವಾದ ಮಡಚು ಮಂಚವೂ ಇರಬಹುದು. ಕೂಸುಗಳ ನಿದ್ರೆಯ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಸ್ಪಷ್ಟವಾಗಿದೆ: ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದಕ್ಕೆ ಬಿಗಿಯಾಗಿ ಕೂರುವ ಒಂದು ಹಾಸುಬಟ್ಟೆ, ಬೆನ್ನ ಮೇಲೆ ಮಲಗಿಸುವುದು, ದಿಂಬು, ರಜಾಯಿ, ಗೊಂಬೆ, ಮೆತ್ತನೆಯ ಅಂಚುಪಟ್ಟಿ ಯಾವುದೂ ಬೇಡ. ಹೋಟೆಲಿನವರು ಪ್ರೀತಿಯಿಂದಲೇ ಮಂಚದಲ್ಲಿ ಕರಡಿ ಗೊಂಬೆಯನ್ನೂ ದಪ್ಪ ರಜಾಯಿಯನ್ನೂ ಇಟ್ಟು ಅಲಂಕರಿಸಿರುತ್ತಾರೆ; ಮಲಗಿಸುವ ಮುನ್ನ ಅವೆಲ್ಲವನ್ನೂ ಹೊರತೆಗೆಯಬೇಕು. ಹಾಸಿಗೆಗೂ ಮಂಚದ ಬದಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿಯಿದ್ದರೆ ಆ ಮಂಚವನ್ನು ಹಿಂದಿರುಗಿಸಬೇಕು. ಮಡಚು ಮಂಚದ ಹಾಸಿಗೆ ತೆಳುವಾಗಿದೆ ಎಂದು ಅದರ ಮೇಲೆ ಇನ್ನೊಂದು ಹಾಸಿಗೆ ಹಾಕಿಕೊಡಲು ಒಮ್ಮೆ ಸಿಬ್ಬಂದಿಯೊಬ್ಬರು ಮುಂದೆ ಬಂದರು. ಅವರ ಉದ್ದೇಶ ಒಳ್ಳೆಯದೇ, ಆದರೆ ಮಗುವಿನ ಮುಖ ಸಿಕ್ಕಿಕೊಳ್ಳುವಂಥ ಸಂದಿ ಉಂಟಾಗುವುದು ಹೀಗೆಯೇ. ಬದಿಯ ಕಟಾಂಜನ ಮೇಲೆ ಕೆಳಗೆ ಜಾರುವ ಹಳೆಯ ಮಾದರಿಯ ಮಂಚಗಳ ಮಾರಾಟವನ್ನು ಅಮೆರಿಕದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಅಂಥದ್ದು ಎಲ್ಲಿ ಕಂಡರೂ ಬೇಡವೆನ್ನಬೇಕು. ಮಂಚ ಸಿಗದೇ ಹೋದರೆ ಕೂಸನ್ನು ಸೋಫಾದ ಮೇಲೆ ಮಲಗಿಸುವುದು ಪರಿಹಾರವಲ್ಲ, ಅದು ಎಲ್ಲಕ್ಕಿಂತ ಅಪಾಯದ ಜಾಗ. ದೊಡ್ಡ ಮಕ್ಕಳಿಗೆ ಬಹಳ ಇಷ್ಟವಾಗುವ ಎರಡಂತಸ್ತಿನ ಮಂಚದಲ್ಲಿ ಮೇಲಿನದ್ದು ಆರು ವರ್ಷಕ್ಕಿಂತ ಚಿಕ್ಕವರಿಗಲ್ಲ.

ಬಚ್ಚಲುಮನೆಯಲ್ಲಿ ಹೆದರಬೇಕಾದದ್ದು ಬಿಸಿನೀರಿಗೆ. ದೊಡ್ಡ ಕಟ್ಟಡಗಳ ನೀರಿನ ವ್ಯವಸ್ಥೆಯಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಬಿಸಿನೀರನ್ನು ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಶೇಖರಿಸಿಡುತ್ತಾರೆ. ಈ ಕ್ರಮ ಅಗತ್ಯವಾದದ್ದೇ, ಆದರೆ ಬಿಸಿನೀರಿಗೆ ತಣ್ಣೀರು ಬೆರೆಸುವ ಕವಾಟ ಸರಿಯಿಲ್ಲದ ಕಡೆ ನಲ್ಲಿಯಲ್ಲಿ ಬರುವ ನೀರೂ ಅಷ್ಟೇ ಬಿಸಿಯಾಗಿರಬಹುದು, ಮತ್ತು 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಆಳವಾದ ಸುಟ್ಟಗಾಯವನ್ನುಂಟುಮಾಡುತ್ತದೆ. 49 ಡಿಗ್ರಿಯಲ್ಲಿ ಅದಕ್ಕೆ ಹಲವು ನಿಮಿಷಗಳು ಬೇಕು. ಮಕ್ಕಳ ಚರ್ಮ ತೆಳು, ಸುಡುವುದು ಇನ್ನೂ ಬೇಗ. ಆದ್ದರಿಂದ ತಲುಪಿದ ಮೇಲೆ ನಾನು ಮೊದಲು ಮಾಡುವ ಕೆಲಸ ಬಚ್ಚಲಿನ ನಲ್ಲಿಯನ್ನು ಎರಡು ನಿಮಿಷ ಬಿಟ್ಟು ನೋಡುವುದು. 38 ಡಿಗ್ರಿಗೆ ತಡೆಗುಂಡಿ ಇರುವ, ನೀರಿನ ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ನಲ್ಲಿ (ಥರ್ಮೋಸ್ಟಾಟ್) ಇದ್ದರೆ ಆ ಹೋಟೆಲಿಗೆ ನನ್ನ ಮನಸ್ಸಿನಲ್ಲಿ ಒಂದು ಹೆಚ್ಚಿನ ಅಂಕ. ನಗರದ ಹೋಟೆಲುಗಳು ನವೀಕರಣದ ವೇಳೆ ಸ್ನಾನದ ತೊಟ್ಟಿಯನ್ನು ತೆಗೆದು ಬರಿಯ ಷವರ್ ಇಡುತ್ತಿರುವುದರಿಂದ, ಷವರಿಗೆ ಹೆದರುವ ಮಗುವಿದ್ದರೆ ತೊಟ್ಟಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಕಿಟಕಿ 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯಬಾರದು, ಬಾಲ್ಕನಿಯ ಕಂಬಿಗಳ ನಡುವಿನ ಅಂತರವೂ ಅದಕ್ಕಿಂತ ಹೆಚ್ಚಿರಬಾರದು. ಕಿಟಕಿಯ ಕೆಳಗಿರುವ ಸೋಫಾ, ಬಾಲ್ಕನಿಯಲ್ಲಿರುವ ಕುರ್ಚಿ ಇವು ಹತ್ತಲು ಕಲಿತ ಮಗುವಿಗೆ ಏಣಿಗಳೇ ಸರಿ. ಕುರ್ಚಿಯನ್ನು ಒಳಗೆ ತರಬೇಕು, ಪರದೆಯ ಜೋತುಬಿದ್ದ ದಾರವನ್ನು ಮೇಲಕ್ಕೆ ಕಟ್ಟಬೇಕು. ಬಾಲ್ಕನಿಯ ನೋಟಕ್ಕಾಗಿ ಹೆಚ್ಚು ಹಣ ಕೊಡುವುದನ್ನು ಮಕ್ಕಳು ಐದು ದಾಟುವವರೆಗೆ ಮುಂದೂಡುವುದು ಮೇಲು.

ಇನ್ನು ಹೋಟೆಲು ಎಲ್ಲಿರಬೇಕು ಎಂಬುದು. ಮಧ್ಯಾಹ್ನದ ನಿದ್ರೆ ಇನ್ನೂ ಬೇಕಾಗಿರುವ ಮಗುವಿದ್ದರೆ, ನೋಡಬೇಕಾದ ಜಾಗಗಳಿಂದ ಕೋಣೆಗೆ ಹಿಂದಿರುಗಲು ಬಾಗಿಲಿನಿಂದ ಬಾಗಿಲಿಗೆ ಎಷ್ಟು ನಿಮಿಷ ಬೇಕು ಎಂಬುದೇ ಲೆಕ್ಕ. ನನ್ನ ಅನುಭವದಲ್ಲಿ ಅದು ಇಪ್ಪತ್ತು ನಿಮಿಷ ದಾಟಿತೆಂದರೆ ಮಗು ದಾರಿಯಲ್ಲೇ ಹತ್ತು ನಿಮಿಷ ತೂಕಡಿಸಿ, ಕೋಣೆ ತಲುಪುವಷ್ಟರಲ್ಲಿ ಎಚ್ಚೆತ್ತು, ಮತ್ತೆ ಮಲಗದೆ, ಇಡೀ ಸಂಜೆಯನ್ನು ಅಳುವಿನಲ್ಲಿ ಕಳೆಯುತ್ತದೆ. ನಕ್ಷೆಯ ದೂರವನ್ನು ಮಾತ್ರ ನಂಬಬಾರದು. ಮೆಟ್ರೋ ನಿಲ್ದಾಣ ಐನೂರು ಮೀಟರ್ ದೂರದಲ್ಲಿದ್ದರೂ ಅಲ್ಲಿ ಲಿಫ್ಟ್ ಇಲ್ಲದಿದ್ದರೆ ಮಗುವಿನ ತಳ್ಳುಗಾಡಿಯನ್ನು ಮೆಟ್ಟಿಲುಗಳ ಮೇಲೆ ಹೊತ್ತೇ ಇಳಿಯಬೇಕು. ಹೋಟೆಲಿನ ಬಾಗಿಲಿಗೇ ಐದು ಮೆಟ್ಟಿಲಿದ್ದರೆ ದಿನಕ್ಕೆ ನಾಲ್ಕು ಬಾರಿ ಹೊರುವ ಕೆಲಸ. ಅವಳಿ ಮಕ್ಕಳ ಅಗಲ ಗಾಡಿಯಿದ್ದವರು ಲಿಫ್ಟಿನ ಬಾಗಿಲಿನ ಅಗಲವನ್ನೂ ಕೇಳಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ದೂರದ ದೊಡ್ಡ ಕೋಣೆಗಿಂತ ಹತ್ತಿರದ ಚಿಕ್ಕ ಕೋಣೆಯೇ ಲೇಸು ಎಂದು ನಾನು ನಂಬಿದ್ದೇನೆ. ಹಗಲಿನ ನಿದ್ರೆ ಬಿಟ್ಟ ಮೇಲೆ ಈ ತೂಕ ಬದಲಾಗುತ್ತದೆ, ಆಗ ದೂರವನ್ನು ಸಹಿಸಬಹುದು, ಜಾಗ ಬೇಕಾಗುತ್ತದೆ. ಐದು ನಿಮಿಷದೊಳಗೆ ಒಂದು ಉದ್ಯಾನವಿದ್ದರೆ ಹೋಟೆಲಿನೊಳಗೆ ಆಟದ ಕೋಣೆ ಇದೆಯೋ ಇಲ್ಲವೋ ಎಂಬುದು ಗಣನೆಗೇ ಬರುವುದಿಲ್ಲ.

ಬೆಳಗಿನ ಉಪಾಹಾರದಲ್ಲಿ ನಾನು ಮೊದಲು ನೋಡುವುದು ಅದು ಆರಂಭವಾಗುವ ವೇಳೆಯನ್ನು. ಮಗು ಐದೂವರೆಗೆ ಏಳುತ್ತದೆ. ರಜಾದಿನಗಳಲ್ಲಿ ಎಷ್ಟೋ ಹೋಟೆಲುಗಳು ಏಳೂವರೆಗೋ ಎಂಟಕ್ಕೋ ಬಾಗಿಲು ತೆರೆಯುತ್ತವೆ. ಆ ಎರಡು ಗಂಟೆಗಳಿಗೆ ಕೋಣೆಯಲ್ಲಿ ಏನಾದರೂ ಇರಲೇಬೇಕು. ‘ಮಕ್ಕಳಿಗೆ ಉಚಿತ’ ಎಂಬ ಮಾತಿಗೂ ವಯಸ್ಸಿನ ಮಿತಿ, ಮಕ್ಕಳ ಸಂಖ್ಯೆಯ ಮಿತಿ, ಈಗಿರುವ ಹಾಸಿಗೆಯಲ್ಲೇ ಮಲಗಬೇಕೆಂಬ ಷರತ್ತು ಅಂಟಿಕೊಂಡಿರುತ್ತವೆ. ನೊವೊಟೆಲ್ ಸಮೂಹವು 16 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ತಂದೆತಾಯಿಯ ಕೋಣೆಯಲ್ಲಿ ವಾಸವನ್ನೂ ಉಪಾಹಾರವನ್ನೂ ಉಚಿತವಾಗಿ ನೀಡುವ ನೀತಿಗೆ ಹೆಸರಾಗಿದೆ; ಷರತ್ತುಗಳನ್ನು ಇಷ್ಟು ನೇರವಾಗಿ ಬರೆದಿಡುವುದನ್ನು ನಾನು ಒಳ್ಳೆಯ ಲಕ್ಷಣವೆಂದು ಎಣಿಸುತ್ತೇನೆ.

ಹಾಲು ಕುಡಿಯುವ ಕೂಸಿದ್ದರೆ ಮಿನಿಬಾರನ್ನು, ಅಂದರೆ ಮಾರಾಟದ ಪಾನೀಯಗಳನ್ನು ಕೋಣೆಯಲ್ಲಿ ಇಟ್ಟಿರುವ ಪುಟ್ಟ ತಂಪುಪೆಟ್ಟಿಗೆಯನ್ನು, ಫ್ರಿಜ್ ಎಂದು ತಿಳಿಯಬಾರದು. ಕೋಣೆಯಲ್ಲಿ ಸದ್ದಾಗದಿರಲೆಂದು ಅವುಗಳಲ್ಲಿ ಬಹಳಷ್ಟಕ್ಕೆ ಕಂಪ್ರೆಸರ್ ಇರುವುದಿಲ್ಲ, ತಂಪು ಅಷ್ಟಕ್ಕಷ್ಟೇ. ಹಿಂಡಿ ತೆಗೆದ ಎದೆಹಾಲು 4 ಡಿಗ್ರಿಯಲ್ಲಿ ನಾಲ್ಕು ದಿನ ಕೆಡದೆ ಉಳಿಯುತ್ತದೆ ಎಂಬ ಲೆಕ್ಕವನ್ನು ಮಿನಿಬಾರಿಗೆ ಅನ್ವಯಿಸಲಾಗದು. ಕೆಲವು ಮಿನಿಬಾರುಗಳಲ್ಲಿ ಒಳಗಿನ ಶೀಷೆಯನ್ನು ಸರಿಸಿದರೂ ಸಂವೇದಕವು ಅದನ್ನು ಬಿಲ್ಲಿಗೆ ಸೇರಿಸಿಬಿಡುತ್ತದೆ. ಕೇಳಿದರೆ ಅಡುಗೆಮನೆಯ ಫ್ರಿಜ್ಜಿನಲ್ಲಿ ಹೆಸರು ಬರೆದು ಇಟ್ಟುಕೊಡುವ ಹೋಟೆಲುಗಳಿವೆ. ಪುಡಿ ಹಾಲನ್ನು ಕನಿಷ್ಠ 70 ಡಿಗ್ರಿಯ ನೀರಿನಲ್ಲಿ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ ಕೋಣೆಯಲ್ಲಿ ಕೆಟಲ್ ಇರುವುದು ಅನುಕೂಲವಲ್ಲ, ಅಗತ್ಯ.

ಈಜುಕೊಳಕ್ಕೆ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ. ನಗರದ ಹೋಟೆಲುಗಳಲ್ಲಿ ಅದು ಹೆಚ್ಚಾಗಿ ಆಳವಾದ, ಕಾವಲಿಗನಿಲ್ಲದ, ಮಕ್ಕಳಿಗೆ ದಿನಕ್ಕೆ ಕೆಲವೇ ಗಂಟೆ ತೆರೆದಿರುವ ಜಾಗ. ಮುಳುಗುವಿಕೆ ಸದ್ದಿಲ್ಲದೆ ನಡೆಯುವಂಥದ್ದು, 1ರಿಂದ 4 ವರ್ಷದವರಲ್ಲಿ ಅದರ ಅಪಾಯ ಹೆಚ್ಚು. ಬಿಸಿನೀರಿನ ಜಕೂಝಿಗೆ ಐದು ವರ್ಷದೊಳಗಿನವರನ್ನು ಇಳಿಸಲೇಬಾರದು. ಮಕ್ಕಳ ಕ್ಲಬ್ ಇದೆಯೆಂದರೆ ಯಾವ ವಯಸ್ಸಿನಿಂದ ಎಂದು ಕೇಳಬೇಕು. ಬಹಳ ಕಡೆ ಅದು ಮೂರೋ ನಾಲ್ಕೋ ತುಂಬಿ, ಡಯಾಪರು ಬಿಟ್ಟವರಿಗೆ ಮಾತ್ರ.

ಬಂದುಹೋದವರ ಅಭಿಪ್ರಾಯಗಳನ್ನು ಓದುವಾಗ ಒಟ್ಟು ಅಂಕವನ್ನು ಬದಿಗಿಟ್ಟು ಕುಟುಂಬದವರು ಬರೆದದ್ದನ್ನಷ್ಟೇ ಆರಿಸಿಕೊಂಡು, ಅವುಗಳಲ್ಲಿ ‘ಮಂಚ’, ‘ಸದ್ದು’, ‘ಲಿಫ್ಟ್’ ಎಂಬ ಪದಗಳನ್ನು ಹುಡುಕುವುದು ನನ್ನ ಕ್ರಮ. ಒಂಟಿಯಾಗಿ ಬಂದ ಉದ್ಯೋಗಿಯೊಬ್ಬರು ಮೆಚ್ಚಿದ ಕೆಳಗಿನ ಬಾರಿನ ಸಂಗೀತವೇ ನಮಗೆ ರಾತ್ರಿಯೆಲ್ಲ ತೊಂದರೆ ಕೊಡಬಹುದು. ಹುಡುಕುವಾಗ ಮಕ್ಕಳ ನಿಜವಾದ ವಯಸ್ಸನ್ನೇ ನಮೂದಿಸಬೇಕು. ಬೆಂಕಿ ಸುರಕ್ಷತೆಯ ಕಾರಣದಿಂದ ಕೋಣೆಗೆ ಇಷ್ಟೇ ಜನ ಎಂಬ ಮಿತಿ ಇರುವ ಕಡೆ ತೊಡೆಯ ಮೇಲಿನ ಕೂಸೂ ಲೆಕ್ಕಕ್ಕೆ ಬರಬಹುದು. ಆನಂತರ ಹೋಟೆಲಿಗೇ ಫೋನು ಮಾಡಿ, ಮಗು ಮಲಗುವ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ಬಾಗಿಲಿದೆಯೇ, ಮಂಚ ಯಾವ ಮಾದರಿಯದು, ಲಿಫ್ಟಿನಿಂದ ದೂರದ, ರಸ್ತೆಯ ಕಡೆಗಲ್ಲದ ಕೋಣೆ ಸಿಗುವುದೇ ಎಂದು ಕೇಳುತ್ತೇನೆ. ‘ಒಂದು ನಿಮಿಷ, ಹೋಗಿ ನೋಡಿ ಹೇಳುತ್ತೇನೆ’ ಎಂದು ಫೋನನ್ನು ಕೆಳಗಿಟ್ಟು, ಕೋಣೆಗೆ ಹೋಗಿ ಮಂಚದ ಅಳತೆ ತೆಗೆದುಕೊಂಡು ಬಂದು ತಿಳಿಸಿದ ಸ್ವಾಗತಕಾರಿಣಿಯ ಹೋಟೆಲಿಗೆ ಎರಡು ನಕ್ಷತ್ರವಷ್ಟೇ ಇತ್ತು. ಅಲ್ಲಿ ಆಟದ ಕೋಣೆಯೂ ಇರಲಿಲ್ಲ, ಉಡುಗೊರೆಯ ಚೀಲವೂ ಇರಲಿಲ್ಲ. ಮಲಗುವ ಮೂಲೆಗೆ ಒಂದು ಜಾರುಬಾಗಿಲಿತ್ತು, ಅದರ ಈಚೆಗೆ ಎರಡು ಕುರ್ಚಿ, ಒಂದು ಪುಟ್ಟ ದೀಪ. ಹನ್ನೊಂದರಲ್ಲಿ ನಾವು ಎರಡನೆಯ ಬಾರಿ ಹೋದದ್ದು ಅದೊಂದಕ್ಕೇ.

ಹೊರಡುವ ದಿನದ ಬಗ್ಗೆಯೂ ಕಾಯ್ದಿರಿಸುವಾಗಲೇ ಮಾತಾಡಿಕೊಳ್ಳಬೇಕು. ಕೋಣೆ ಬಿಡುವ ವೇಳೆ ಸಾಮಾನ್ಯವಾಗಿ ಹನ್ನೊಂದೋ ಹನ್ನೆರಡೋ, ಹೊಸಬರಿಗೆ ಕೊಡುವುದು ಎರಡಕ್ಕೋ ಮೂರಕ್ಕೋ. ಮಗುವಿನ ನಿದ್ರೆ ಸರಿಯಾಗಿ ಇವೆರಡರ ನಡುವೆ ಬೀಳುತ್ತದೆ. ಎರಡು ಗಂಟೆಯವರೆಗೆ ಉಳಿಯಲು ಬಿಡುವಿರಾ ಎಂದು ಬಂದ ದಿನವೇ ಕೇಳಿದರೆ, ಕೋಣೆಗಳನ್ನು ಶುಚಿಗೊಳಿಸುವ ಸರದಿಯಲ್ಲಿ ನಮ್ಮದನ್ನು ಕೊನೆಗೆ ಹಾಕುವುದು ಅವರಿಗೆ ಕಷ್ಟವಾಗುವುದಿಲ್ಲ. ಹೊರಡುವ ಬೆಳಿಗ್ಗೆ ಕೇಳಿದರೆ ಆ ಸರದಿ ಆಗಲೇ ನಿಗದಿಯಾಗಿರುತ್ತದೆ.